ಗಾರ್ಮೆಂಟ್ಸ್ ತಾಯಂದಿರ ಮೇಲೆ ಎಂಎಸ್ಸಿ ನರ್ಸಿಂಗ್ ಥೀಸಿಸ್: ಕಾರ್ಖಾನೆಯ ಕ್ರೆಶ್‌ನಲ್ಲಿ 60 ಜನ ಸಿಕ್ಕರೆ ಸಾಕಾ?

ಸಾಕಾಗುವುದಿಲ್ಲ. ನಾನು ಎಡವಿದ್ದೂ ಕ್ರೆಶ್‌ನಲ್ಲೇ, ಅಂದರೆ ಕೆಲಸಕ್ಕೆ ಬಂದ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಜಾಗದಲ್ಲೇ. ನೀವು ಕೇಳಿರುವ ಥೀಸಿಸ್ ಯೋಜನೆ ಹೀಗಿದೆ: ಗಾರ್ಮೆಂಟ್ಸ್ ತಾಯಂದಿರಿಗೆ ಎದೆಹಾಲಿನ ಬಗ್ಗೆ ಎಷ್ಟು ಅರಿವಿದೆ ಎಂದು ನೋಡುವುದು, ಎಸ್‌ಟಿಪಿ (ಮೊದಲೇ ಸಿದ್ಧಮಾಡಿದ ಪಾಠ), ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ಆಮೇಲೆ ಒಂದು. ನನ್ನದೇ ಹಳೇ ಸಿನಾಪ್ಸಿಸ್ (ಥೀಸಿಸ್‌ನ ರೂಪುರೇಷೆ) ಓದಿದ ಹಾಗಾಯಿತು.

ನಾನೂ ಓಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ನರ್ಸಿಂಗ್. ಬೆಂಗಳೂರಿನ ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಅನುಮತಿಗಾಗಿ ಎರಡು ತಿಂಗಳು ಅಲೆದೆ. ಸಿಕ್ಕ ಮೇಲೆ ಎಲ್ಲ ಸಲೀಸು. ಊಟದ ಬಿಡುವಿನಲ್ಲಿ ತಾಯಂದಿರು ಬಂದು, ಮಗುವಿಗೆ ಹಾಲು ಕೊಡುತ್ತಲೇ ನನ್ನ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ಹೆಚ್ಚಿನವರು ಎದೆಹಾಲು ಮುಂದುವರಿಸಿದ್ದರು. 'ಕೆಲಸದಿಂದ ಎದೆಹಾಲಿಗೆ ಅಡ್ಡಿಯಿಲ್ಲ' ಎಂದು ಕೊನೇ ಅಧ್ಯಾಯದಲ್ಲಿ ಬರೆದೆ.

ವೈವಾದಲ್ಲಿ (ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರಾಗಿ ಹೊರಗಿನಿಂದ ಬಂದ ಮೇಡಂ ಕೇಳಿದರು: "ಹೆರಿಗೆ ಆದಮೇಲೆ ವಾಪಸ್ ಬಾರದವರು ಎಲ್ಲಿದ್ದಾರಮ್ಮ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೇಳಿ. ಕ್ರೆಶ್‌ಗೆ ಬರುವ ತಾಯಿ ಆಗಲೇ ಎಲ್ಲ ಕಷ್ಟ ದಾಟಿ ಬಂದವಳು. ಕೆಲಸ ಉಳಿದಿದೆ, ಮಗು ಜೊತೆಗಿದೆ, ಕಾರ್ಖಾನೆಯಲ್ಲಿ ಕ್ರೆಶ್ ಇದೆ. ಕೆಲಸ ಬಿಟ್ಟವಳು ಅಲ್ಲಿಲ್ಲ. ಮಗುವನ್ನು ಊರಲ್ಲಿ ಬಿಟ್ಟು ಮಷಿನ್ ಮುಂದೆ ಕೂತವಳು ಅದೇ ಕಟ್ಟಡದಲ್ಲಿದ್ದಾಳೆ, ಆದರೆ ಕ್ರೆಶ್‌ನಲ್ಲಿ ಅವಳಿಗೇನು ಕೆಲಸ? 60ರ ಬದಲು 600 ಜನರನ್ನು ಕೇಳಿದ್ದರೂ ನನಗೆ ಅದೇ ಉತ್ತರ ಸಿಗುತ್ತಿತ್ತು. ಆಗ ನನ್ನ ಮಗಳಿಗೆ ಏಳು ತಿಂಗಳು. ಅಮ್ಮ ಮನೆಯಲ್ಲಿದ್ದು ನೋಡಿಕೊಳ್ಳುತ್ತಿದ್ದರು. ಅಮ್ಮ ಇಲ್ಲದವರ ಯೋಚನೆ ನನಗೆ ಬರಲೇ ಇಲ್ಲ.

ಇದರಿಂದ ನನ್ನ ಥೀಸಿಸ್ ಆರು ತಿಂಗಳು ತಡವಾಯಿತು. ಎಥಿಕ್ಸ್ ಕಮಿಟಿ ಒಪ್ಪಿಗೆ ಹೊಸದಾಗಿ ಪಡೆದು, ಆಶಾ ಕಾರ್ಯಕರ್ತೆಯರ ಜೊತೆ ವಠಾರಗಳಿಗೆ ಹೋದೆ. ಒಬ್ಬರು ಎಂಟನೇ ತಿಂಗಳಲ್ಲಿ ಕಾಲು ಊದಿ ರಜೆ ಹಾಕಿದ್ದರು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಅವರು ಅದನ್ನೇ ಮಾಡಿದ್ದರು. ಉಳಿದದ್ದು 18 ವಾರ. ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವರಿಗೆ ನಾಲ್ಕು ತಿಂಗಳಿಗೇ ರಜೆ ಮುಗಿದು, ಮಗು ಪಾವಗಡದಲ್ಲಿ ಅಜ್ಜಿಯ ಹತ್ತಿರ ಇತ್ತು. "ಎದೆ ಕಟ್ಕೊಂಡು ನೋಯ್ತದೆ ಸಿಸ್ಟರ್, ಟಾಯ್ಲೆಟ್‌ನಲ್ಲಿ ಹಿಂಡಿ ಚೆಲ್ತೀನಿ" ಎಂದರು.

ಇವರಿಗೆ ಎದೆಹಾಲಿನ ಮಹತ್ವ ನಾನು ಪಾಠ ಮಾಡಬೇಕಿತ್ತಾ? ಅದಕ್ಕೇ ಹೇಳುತ್ತೇನೆ, ಎಸ್‌ಟಿಪಿ ಬಿಟ್ಟುಬಿಡಿ. ತಾಯಂದಿರಿಗೆ ಅರಿವಿಲ್ಲ ಎಂದು ನೀವು ಕೇಳುವ ಮೊದಲೇ ತೀರ್ಮಾನ ಮಾಡಿದ್ದೀರಿ. 50 ಅಥವಾ ಅದಕ್ಕಿಂತ ಜಾಸ್ತಿ ಜನ ದುಡಿಯುವ ಕಡೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಎನ್ನುತ್ತದೆ ಕಾನೂನು. ಟಾರ್ಗೆಟ್ ಇರುವ ಲೈನ್‌ನಿಂದ ನಾಲ್ಕು ಸಲ ಎದ್ದು ಹೋಗಲು ಆಗುತ್ತದಾ ಎಂದು ಕೇಳಿ. ನಿಮ್ಮ ವಿಷಯ ಅಲ್ಲಿದೆ.

ಇನ್ನೊಂದು. 'ಎದೆಹಾಲು ಮಾತ್ರ ಕೊಡ್ತೀರಾ?' ಎಂದು ಕೇಳಬೇಡಿ, ಎಲ್ಲರೂ ಹೌದು ಅಂತಾರೆ. ಬಜೆ ತೇದು ನೆಕ್ಕಿಸಿದ್ದು, ಗ್ರೈಪ್ ವಾಟರ್, ಎರಡು ಚಮಚ ನೀರು ಯಾರ ನೆನಪಿಗೂ ಬರುವುದಿಲ್ಲ. ನಿನ್ನೆ ಬೆಳಗ್ಗೆಯಿಂದ ಮಗುವಿನ ಬಾಯಿಗೆ ಏನೇನು ಹೋಯಿತು ಎಂದು ಕೇಳಿ, ಅತ್ತೆ ಪಕ್ಕದಲ್ಲಿ ಇಲ್ಲದಾಗ.

ಬಸುರಿಯಾಗಿದ್ದಾಗ ಕೆಲಸದಲ್ಲಿದ್ದವರ ಪಟ್ಟಿಯಿಂದ ಶುರುಮಾಡಿ. ಹೆರಿಗೆ ನಂತರ ಅವರು ಎಲ್ಲೇ ಇರಲಿ, ಹುಡುಕಿ. 30 ಜನ ಸಿಕ್ಕರೂ ಪರವಾಗಿಲ್ಲ. ಗೈಡ್ ಒಪ್ಪದಿದ್ದರೆ, ಆ ಮೇಡಂ ನನಗೆ ಕೇಳಿದ ಪ್ರಶ್ನೆಯನ್ನೇ ಅವರ ಮುಂದಿಡಿ.