59–0 ಆದ ಮೇಲೂ ಟಿವಿ ಮುಂದೆ ಕೂತ ಹುಡುಗ

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆಯವನು. ಬ್ರಿಸ್ಬೇನ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. ಇಲ್ಲಿನ ರಗ್ಬಿ ಲೀಗ್ ಕ್ಲಬ್ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಮೆಂಬರ್ ಆಗಿದ್ದೆ. 2020ರಲ್ಲಿ ಅವರು ಆಡಿದ ರೀತಿ ನೋಡಿ ಬೇಜಾರಾಗಿ ಮೆಂಬರ್‌ಶಿಪ್ ಬಿಟ್ಟೆ. ಲಕ್ಷಗಟ್ಟಲೆ ಡಾಲರ್ ಸಂಬಳ ತಗೊಂಡು 59–0 ಸೋಲುವವರಿಗೆ ನಾನೇಕೆ ದುಡ್ಡು ಕೊಡಬೇಕು? ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಅವನು ಮಾತ್ರ ಕೊನೆಯ ಪಂದ್ಯದವರೆಗೂ ಟಿವಿ ಮುಂದೆ ಕೂತ. 2025ರಲ್ಲಿ ಬ್ರಾಂಕೋಸ್ ಕಪ್ ಗೆದ್ದಾಗ ನಾನೂ ಕುಣಿದೆ. ಮಗ ಹೇಳಿದ: 'ಅಪ್ಪ, ನೀವು ಕುಣೀಬೇಡಿ, ನೀವು ಬಿಟ್ಟು ಹೋಗಿದ್ರಿ.' ಈಗ ಮತ್ತೆ ಮೆಂಬರ್‌ಶಿಪ್ ಮಾಡಿಸು ಅಂತಿದ್ದಾನೆ. ನಾನು ಮಾಡಿದ್ದು ತಪ್ಪಾ? ಕೆಟ್ಟ ಆಟಕ್ಕೆ ಬೆನ್ನು ತೋರಿಸುವುದು ಅಭಿಮಾನಿಯ ಹಕ್ಕಲ್ಲವೇ?

— ಒಬ್ಬ ಓದುಗ, ಬ್ರಿಸ್ಬೇನ್

ಸಂಪಾದಕರ ಉತ್ತರ:

ಮಿತ್ರರೇ, ಈ ಸಲ ಬಂದ ಕಾಗದಗಳಲ್ಲಿ ನಿಮ್ಮದನ್ನು ಎರಡು ಸಲ ಓದಿದೆ. ಮಗನ ಮಾತು ಬರುವ ಸಾಲನ್ನು ಮೂರು ಸಲ ಓದಿದೆ.

ಮೊದಲು ನಿಮ್ಮ ಪರವಾಗಿ ಎರಡು ಮಾತು. ನಿಮಗೆ ಬೇಜಾರಾಗಿದ್ದು ಸರಿಯೇ. ಬ್ರಾಂಕೋಸ್ ಸಣ್ಣ ಕ್ಲಬ್ ಅಲ್ಲ. 1988ರಲ್ಲಿ ಶುರುವಾಗಿ, ಮೊದಲ ಪಂದ್ಯದಲ್ಲೇ ಮ್ಯಾನ್ಲಿ ತಂಡವನ್ನು 44–10ರಿಂದ ಸೋಲಿಸಿದವರು. 2006ರ ಹೊತ್ತಿಗೆ ಆರು ಕಪ್ ಗೆದ್ದಿದ್ದರು. ಅಂಥವರು 2020ರಲ್ಲಿ ಇಪ್ಪತ್ತು ಪಂದ್ಯದಲ್ಲಿ ಗೆದ್ದಿದ್ದು ಮೂರು. ಹದಿನಾರು ತಂಡಗಳಲ್ಲಿ ಕೊನೆಯ ಸ್ಥಾನ, ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ಸಲ. ಕೊರೊನಾ ಕಾಲದ ಕಟ್ಟುಪಾಡು ಮುರಿದು ಹೊರಗೆ ಊಟಕ್ಕೆ ಹೋದ ಆಟಗಾರರೂ ಇದ್ದರು, ಕ್ಲಬ್ಬಿಗೆ ದಂಡವೂ ಬಿತ್ತು. ಇದಕ್ಕೆಲ್ಲ ಸಿಟ್ಟು ಬರದಿದ್ದರೆ ಅವನು ಅಭಿಮಾನಿಯೇ ಅಲ್ಲ.

ಆದರೆ ಸಿಟ್ಟು ಬೇರೆ, ಎದ್ದು ಹೋಗುವುದು ಬೇರೆ. ನಮ್ಮ ಕಡೆ ಬಯಲಾಟ ನೋಡಲು ಹೋದವರು ಭಾಗವತರ ದನಿ ಕಟ್ಟಿದರೂ ಮಂಗಳ ಹಾಡುವವರೆಗೂ ಚಾಪೆ ಸುತ್ತುತ್ತಿರಲಿಲ್ಲ. ನಿಮ್ಮ ಮಗ ಆ ಜಾತಿಯವನು. ಅವನು ಬ್ರಿಸ್ಬೇನ್‌ನಲ್ಲಿ ಬೆಳೆದು ಇದನ್ನು ಎಲ್ಲಿ ಕಲಿತನೋ, ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂದಿದೆ.

ಇದರ ಗಂಧ ಗಾಳಿ ಗೊತ್ತಿಲ್ಲದ ನಮ್ಮ ಓದುಗರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ರಗ್ಬಿಯಲ್ಲಿ ಎರಡು ಬಗೆ. ಯೂನಿಯನ್‌ನಲ್ಲಿ ತಂಡಕ್ಕೆ ಹದಿನೈದು ಜನ, ಲೀಗ್‌ನಲ್ಲಿ ಹದಿಮೂರು. ಲೀಗ್‌ನಲ್ಲಿ ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್ ಅವಕಾಶ, ಅಂದರೆ ಆರು ಸಲ ಕೆಡವಿಸಿಕೊಳ್ಳುವವರೆಗೆ ಚೆಂಡು ಅವರದೇ. ಒಬ್ಬ ಚೆಂಡು ಅಪ್ಪಿಕೊಂಡು ಎದುರಿನ ಗೋಡೆಗೆ ನುಗ್ಗುತ್ತಾನೆ, ಮೂವರು ಸೇರಿ ಕೆಡವುತ್ತಾರೆ, ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾನೆ, ಇನ್ನೊಬ್ಬ ನುಗ್ಗುತ್ತಾನೆ. ಕಬಡ್ಡಿ ಆಡಿದವರಿಗೆ ಆ ನೋವು ಗೊತ್ತಾಗುತ್ತದೆ.

ಈಗ ಸಂಬಳದ ಮಾತು. ದುಡ್ಡು ತಗೊಳ್ಳುವವರು ಸೋಲಬಾರದು ಅನ್ನುವ ಧಾಟಿ ನಿಮ್ಮ ಪತ್ರದಲ್ಲಿದೆ. ಈ ಆಟ ಹುಟ್ಟಿದ್ದೇ ಕೂಲಿಯ ಜಗಳದಿಂದ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರ ಭಾಗದ ಕ್ಲಬ್ಬುಗಳು ಸಭೆ ಸೇರಿದವು. ಗಿರಣಿಯಲ್ಲಿ, ಗಣಿಯಲ್ಲಿ ದುಡಿಯುವ ಹುಡುಗರು ಶನಿವಾರ ಆಡಲು ಬಂದರೆ ಅವತ್ತಿನ ಕೂಲಿ ಹೋಗುತ್ತಿತ್ತು. ಆ ನಷ್ಟ ತುಂಬಿಕೊಡಿ ಅಂದರೆ ರಗ್ಬಿಯ ದೊಡ್ಡವರು ಒಪ್ಪಲಿಲ್ಲ. ಕ್ಲಬ್ಬುಗಳು ಬೇರೆಯಾದವು. ಅವರು ಕೊಡುತ್ತೇವೆ ಅಂದಿದ್ದು ದಿನಕ್ಕೆ ಆರು ಶಿಲಿಂಗ್. ದಾವಣಗೆರೆಯವರಾದ ನಿಮಗೆ ಹತ್ತಿ ಗಿರಣಿಯ ಕೂಲಿ ಅಂದರೆ ಏನು ಅಂತ ನಾನು ಹೇಳಬೇಕಾ? ಇಲ್ಲಿ ಸಂಬಳ ಅಂದರೆ ಪೆಟ್ಟು ತಿಂದ ಮೈಗೆ ಕೊಡುವ ಬೆಲೆ. ಗೆಲುವಿನ ಗ್ಯಾರಂಟಿಗೆ ಕೊಡುವ ಅಡ್ವಾನ್ಸ್ ಅಲ್ಲ ಅದು.

2020ಕ್ಕೆ ಬರೋಣ. ಆ ಸೀಸನ್ ಹಾಳಾಗಿದ್ದು ಮೈದಾನದಲ್ಲಿ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಹಿರಿಯರು ಒಬ್ಬೊಬ್ಬರಾಗಿ ಹೋಗಿದ್ದರು. ಕೋರಿ ಪಾರ್ಕರ್ 2016ರಲ್ಲಿ ನಿವೃತ್ತ, ಸ್ಯಾಮ್ ಥೈಡೆ 2018ರಲ್ಲಿ, ಮ್ಯಾಟ್ ಗಿಲೆಟ್ 2019ರಲ್ಲಿ. ಕ್ಲಬ್ ಕಟ್ಟಿದ ಕೋಚ್ ವೇಯ್ನ್ ಬೆನೆಟ್ ಅವರನ್ನು 2018ರ ಡಿಸೆಂಬರ್‌ನಲ್ಲಿ ಹೊರಗೆ ಕಳಿಸಿದರು. ಅವರ ಜಾಗಕ್ಕೆ ಬಂದ ಆಂಥನಿ ಸೀಬೋಲ್ಡ್ ಆ ವರ್ಷದ ಅತ್ಯುತ್ತಮ ಕೋಚ್ ಅನ್ನಿಸಿಕೊಂಡವರು, ಕೊಟ್ಟಿದ್ದು ಐದು ವರ್ಷದ ಒಪ್ಪಂದ. 2019ರ ಸೆಪ್ಟೆಂಬರ್‌ನಲ್ಲೇ ಫೈನಲ್ಸ್ ಹಂತದಲ್ಲಿ ಪ್ಯಾರಮ್ಯಾಟಾ ಎದುರು 58–0 ಸೋಲಾಗಿತ್ತು. ಮನೆಯ ತೊಲೆಗೆ ಗೆದ್ದಲು ಹತ್ತಿದ್ದು ಆವಾಗಲೇ ಕಾಣುತ್ತಿತ್ತು.

ಆದರೂ 2020ರ ಮೊದಲ ಎರಡು ಪಂದ್ಯ ಗೆದ್ದರು, ನೆನಪಿದೆಯಾ? ಕೌಬಾಯ್ಸ್ ಮೇಲೆ ಒಂದು, ಸೌತ್ ಸಿಡ್ನಿ ಮೇಲೆ ಒಂದು. ಆಮೇಲೆ ಕೊರೊನಾ ಬಂದು ಎಲ್ಲ ನಿಂತಿತು. ಮೇ 28ಕ್ಕೆ ಆಟ ಮತ್ತೆ ಶುರುವಾದಾಗ ನಿಯಮ ಬದಲಾಗಿತ್ತು. ಇಬ್ಬರು ರೆಫರಿ ಇದ್ದ ಕಡೆ ಒಬ್ಬರೇ. ಟ್ಯಾಕಲ್ ಆದ ಜಾಗದಲ್ಲಿ ಎದುರಾಳಿಯನ್ನು ಅದುಮಿ ಹಿಡಿದು ತಡ ಮಾಡಿದರೆ, ಮೊದಲಾದರೆ ಪೆನಾಲ್ಟಿ ಕೊಟ್ಟು ಆಟ ನಿಲ್ಲಿಸುತ್ತಿದ್ದರು. ಈಗ ಆಟ ನಿಲ್ಲದೆ ಚೆಂಡು ಹಿಡಿದ ತಂಡಕ್ಕೆ ಮತ್ತೆ ಆರು ಟ್ಯಾಕಲ್ ಸಿಗುತ್ತಿತ್ತು. ಅಂದರೆ ಉಸಿರು ತಗೊಳ್ಳಲು ಪುರಸೊತ್ತೇ ಇಲ್ಲ. ಬ್ರಾಂಕೋಸ್ ಮುಂದಿನ ಸಾಲಿನಲ್ಲಿದ್ದವರು ದೊಡ್ಡ ಮೈಕಟ್ಟಿನ ಹುಡುಗರು. ಪೇಯ್ನ್ ಹಾಸ್‌ಗೆ ಇಪ್ಪತ್ತು ವರ್ಷ, ಡೇವಿಡ್ ಫಿಫಿಟಾಗೂ ಇಪ್ಪತ್ತು, ಪ್ಯಾಟ್ ಕ್ಯಾರಿಗನ್‌ಗೆ ಇಪ್ಪತ್ತೆರಡು. ಅಂಥ ಹೊತ್ತಲ್ಲಿ ಪಕ್ಕದಲ್ಲಿ ನಿಂತು 'ನಿಧಾನ, ಉಸಿರು ಹಿಡ್ಕೋ' ಅನ್ನುವ ಹಿರಿಯರು ಒಂದಿಬ್ಬರು ಬಿಟ್ಟರೆ ಇರಲಿಲ್ಲ.

ಜೂನ್ 4ರ ಆ ರಾತ್ರಿ. ಐವತ್ತು ಸಾವಿರಕ್ಕೂ ಜಾಸ್ತಿ ಜನ ಹಿಡಿಸುವ ಸನ್‌ಕಾರ್ಪ್ ಸ್ಟೇಡಿಯಂ ಖಾಲಿ. ಸಿಡ್ನಿ ರೂಸ್ಟರ್ಸ್ 59, ಬ್ರಾಂಕೋಸ್ ಸೊನ್ನೆ. ಅಷ್ಟು ಪೆಟ್ಟು ತಿಂದು ನೆಲದಿಂದ ಎದ್ದಾಗ, 'ಪರವಾಗಿಲ್ಲ, ಏಳಪ್ಪ' ಅನ್ನಲು ಗ್ಯಾಲರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅವತ್ತು ಆ ಹುಡುಗರಿಗೆ ಇದ್ದವರು ನಿಮ್ಮ ಮಗನಂಥವರು ಮಾತ್ರ. ಅದೂ ಅವರ ಕಣ್ಣಿಗೆ ಬೀಳದೆ, ಎಲ್ಲೋ ಮನೆಯಲ್ಲಿ, ಟಿವಿಯ ಈಚೆ.

ಆಮೇಲೆ ಜುಲೈನಲ್ಲಿ ಬುಲ್‌ಡಾಗ್ಸ್ ಮೇಲೆ ಒಂದು ಗೆಲುವು. ಅಲ್ಲಿಂದ ಸಾಲಾಗಿ ಹನ್ನೊಂದು ಸೋಲು. ಬುಲ್‌ಡಾಗ್ಸ್ ಗೆದ್ದಿದ್ದೂ ಮೂರೇ ಪಂದ್ಯ, ಆದರೆ ಅಂಕಗಳ ಅಂತರದಲ್ಲಿ ನಮ್ಮವರೇ ಕೆಳಗೆ. ನೋಡಿ, ಬರೀತಾ ಬರೀತಾ 'ನಮ್ಮವರು' ಅಂದುಬಿಟ್ಟೆ.

ಕೊನೆಗೆ ಬಂದವರಿಗೆ ಅಲ್ಲಿ 'ಮರದ ಸೌಟು ಸಿಕ್ಕಿತು' ಅನ್ನುತ್ತಾರೆ. ಈ ಸೌಟಿನ ಮೂಲ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ. ಗಣಿತದ ಆನರ್ಸ್ ಪರೀಕ್ಷೆಯಲ್ಲಿ ಪಾಸಾದವರ ಪೈಕಿ ಕೊನೆಯವನಿಗೆ ಸಹಪಾಠಿಗಳು ದೊಡ್ಡ ಮರದ ಸೌಟು ಕೊಟ್ಟು ರೇಗಿಸುತ್ತಿದ್ದರು. 1909ಕ್ಕೆ ಅದು ನಿಂತಿತು. ಇದನ್ನು ಓದಿದಾಗ ನನಗೆ ಹೊಳೆದದ್ದು, ಸೌಟು ಸಿಗುತ್ತಿದ್ದವನು ಫೇಲಾದವನಲ್ಲ, ಪಾಸಾದವನು! ಅಷ್ಟು ಕಷ್ಟದ ಪರೀಕ್ಷೆ ಪೂರ್ತಿ ಬರೆದವನು.

ನಿಮ್ಮ ಪತ್ರದಲ್ಲಿ ಕೋಚ್ ಬಗ್ಗೆ ಒಂದು ಮಾತಿಲ್ಲ, ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು. ಸೀಬೋಲ್ಡ್ ಅವರ ಬಗ್ಗೆ ಆ ಆಗಸ್ಟ್‌ನಲ್ಲಿ ಮೊಬೈಲಿಂದ ಮೊಬೈಲಿಗೆ ಹರಿದಾಡಿದ ಸುಳ್ಳುಗಳು ಆಟಕ್ಕೆ ಸಂಬಂಧಿಸಿದ್ದೇ ಅಲ್ಲ. ಆ ಮನುಷ್ಯ ವಕೀಲರ ಬಳಿ ಹೋಗಬೇಕಾಯಿತು. ಅದೇ ತಿಂಗಳು ಕೆಲಸ ಬಿಟ್ಟರು. ಪಂದ್ಯ ಸೋತರೆ ಆಟದ ಬಗ್ಗೆ ಬೈಯಿರಿ, ತಂತ್ರದ ಬಗ್ಗೆ ಬೈಯಿರಿ. ಮನೆಯೊಳಗೆ ಕೈ ಹಾಕುವುದು ಯಾವ ಅಭಿಮಾನ? ನಮ್ಮಲ್ಲೂ ಇದು ಜಾಸ್ತಿಯಾಗುತ್ತಿದೆ. ಕ್ಯಾಚ್ ಬಿಟ್ಟ ಹುಡುಗನ ಹೆಂಡತಿಯನ್ನು ಹುಡುಕಿಕೊಂಡು ಹೋಗಿ ಬೈಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಒಂದು ಹಳೆಯ ಕಥೆ ಹೇಳುತ್ತೇನೆ. ಹೈಸ್ಕೂಲಲ್ಲಿದ್ದಾಗ ನಾನು ನಮ್ಮೂರ ಕಬಡ್ಡಿ ತಂಡದಲ್ಲಿದ್ದೆ. ಒಂದು ವರ್ಷ ಸುತ್ತಲಿನ ಊರುಗಳಲ್ಲಿ ಆಡಿದ ಪಂದ್ಯವೆಲ್ಲ ಸೋತೆವು. ಒಂದೂ ಗೆಲ್ಲಲಿಲ್ಲ. ನಮಗೆ ಬನಿಯನ್ ಕೊಡಿಸಿದ್ದ ಅಂಗಡಿ ಸಾಹುಕಾರರು ಮೂರನೇ ಸೋಲಿನ ನಂತರ ಮೈದಾನದ ಕಡೆ ತಲೆ ಹಾಕಲಿಲ್ಲ. ಆದರೆ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಟೈಲರ್ ಅಣ್ಣ ಇದ್ದ. ಪ್ರತಿ ಭಾನುವಾರ ಸೈಕಲ್ ಹ್ಯಾಂಡಲಿಗೆ ನಿಂಬೆ ಪಾನಕದ ಕ್ಯಾನ್ ನೇತುಹಾಕಿಕೊಂಡು ಬರುತ್ತಿದ್ದ. ಇದ್ದದ್ದು ಒಂದೇ ಸ್ಟೀಲ್ ಲೋಟ, ಏಳು ಜನಕ್ಕೂ ಅದೇ. ಸೋತು ಬಂದು ಕೂತರೆ ಏನೂ ಮಾತಾಡುತ್ತಿರಲಿಲ್ಲ. ಒಬ್ಬೊಬ್ಬರ ಬನಿಯನ್ ಬಿಚ್ಚಿಸಿ, ಎಳೆದಾಟದಲ್ಲಿ ಎಲ್ಲಿ ಹೊಲಿಗೆ ಬಿಟ್ಟಿದೆ ಅಂತ ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದ. ಬೆವರು, ಮಣ್ಣು, ರಕ್ತದ ಕಲೆ, ಯಾವುದಕ್ಕೂ ಮುಖ ಸಿಂಡರಿಸುತ್ತಿರಲಿಲ್ಲ. ಎಲ್ಲ ಗಂಟು ಕಟ್ಟಿಕೊಂಡು ಹೋಗಿ ಸೋಮವಾರ ಹೊಲಿದು ಕೊಡುತ್ತಿದ್ದ. ಹೊಲಿದ ಜಾಗ ಹೊಸ ಬಟ್ಟೆಗಿಂತ ಗಟ್ಟಿ ಇರುತ್ತಿತ್ತು. ಮರುವರ್ಷ ನಾವು ತಾಲ್ಲೂಕು ಮಟ್ಟದಲ್ಲಿ ಗೆದ್ದಾಗ ಸಾಹುಕಾರರು ಹಾರ ಹಿಡಿದು ಬಂದರು. ನಾವು ಹಾರವನ್ನು ಯಾರ ಕೊರಳಿಗೆ ಹಾಕಿದೆವು ಅಂತ ನಿಮಗೆ ಗೊತ್ತಾಗಿರುತ್ತದೆ.

2025ರ ಅಕ್ಟೋಬರ್ 5ರಂದು ಮೆಲ್ಬರ್ನ್ ಸ್ಟಾರ್ಮ್ ಎದುರು ಅರ್ಧ ಆಟಕ್ಕೆ 12–22 ಹಿಂದಿದ್ದು, ಕೊನೆಗೆ 26–22 ಗೆದ್ದರಲ್ಲ, ಆ ತಂಡದಲ್ಲಿ ಯಾರಿದ್ದರು ನೋಡಿ. ಹಾಸ್ ಇದ್ದ. ಕ್ಯಾರಿಗನ್ ಇದ್ದ. ಕೊಟೋನಿ ಸ್ಟ್ಯಾಗ್ಸ್ ಇದ್ದ, 2020ರ ಕೊನೆಯ ಪಂದ್ಯದಲ್ಲಿ ಮೊಣಕಾಲಿಗೆ ದೊಡ್ಡ ಪೆಟ್ಟು ಮಾಡಿಕೊಂಡವನು. ಜೋರ್ಡನ್ ರಿಕಿ, ಕೋರಿ ಪೇಕ್ಸ್ ಇದ್ದರು. ಇಬ್ಬರೂ ಮೊದಲ ಪಂದ್ಯ ಆಡಿದ್ದೇ ಆ ಸೋತ ವರ್ಷ. ನೀವು ಬಿಟ್ಟು ಬಂದ ಹುಡುಗರೇ ಕಪ್ ಎತ್ತಿದ್ದು! ಮಧ್ಯೆ 2023ರ ಫೈನಲ್‌ನಲ್ಲಿ 24–8 ಮುಂದಿದ್ದು ಪೆನ್ರಿತ್‌ಗೆ 26–24 ಸೋತ ಗಾಯವೂ ಅವರಿಗೆ ಆಗಿತ್ತು.

ಮತ್ತೆ ಬೆನ್ ಹಂಟ್. 2015ರ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಕಿಕ್-ಆಫ್ ಚೆಂಡು ಕೈಜಾರಿ ಬಿಟ್ಟವನು. ಆ ಕೂಡಲೇ ಕೌಬಾಯ್ಸ್‌ನ ಜಾನಥನ್ ಥರ್ಸ್ಟನ್ ಒಂದು ಅಂಕದ ಫೀಲ್ಡ್ ಗೋಲ್ ಹೊಡೆದು 17–16 ಗೆಲ್ಲಿಸಿದ. ಹಂಟ್ ಆಮೇಲೆ ಬೇರೆ ಕ್ಲಬ್ಬಿಗೆ ಹೋದ, 2025ರಲ್ಲಿ ವಾಪಸ್ ಬಂದ, ಗೆದ್ದ ತಂಡದಲ್ಲಿ ಒಬ್ಬನಾದ. ಹತ್ತು ವರ್ಷ! ಆ ಹತ್ತು ವರ್ಷ ಆತ ರಾತ್ರಿ ಮಲಗುವಾಗ ಏನೇನು ಯೋಚಿಸಿರಬಹುದು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬೇಗ ಕೈಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ನಿಮ್ಮ ಕ್ಲಬ್ಬಿನಲ್ಲೇ ಉದಾಹರಣೆ ಇದೆ. ಟಾಮ್ ಡಿಯರ್ಡನ್, 2020ರಲ್ಲಿ ಹತ್ತೊಂಬತ್ತು ವರ್ಷದ ಹಾಫ್‌ಬ್ಯಾಕ್, ಅಂದರೆ ಆಟ ಕಟ್ಟುವವನು. ಮರುವರ್ಷ ಸೀಸನ್ ಮಧ್ಯದಲ್ಲೇ ಕೌಬಾಯ್ಸ್‌ಗೆ ಹೊರಟುಹೋದ. ಅದೇ ಹುಡುಗ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳು ವರ್ಷಾವರ್ಷ ಆಡುವ ಸ್ಟೇಟ್ ಆಫ್ ಆರಿಜಿನ್ ಸರಣಿಯಲ್ಲಿ 2025ರಲ್ಲಿ ಕ್ವೀನ್ಸ್‌ಲ್ಯಾಂಡ್ ಪರ ಆಡಿ ಸರಣಿಯ ಶ್ರೇಷ್ಠ ಆಟಗಾರನಾದ.

ನನ್ನ ಸಂಕಟ ಬರೀ ರಗ್ಬಿಯದಲ್ಲ, ಮಿತ್ರರೇ. ಕಾಯುವ ಗುಣವೇ ನಮ್ಮಿಂದ ಹೋಗುತ್ತಿದೆ. ಕನ್ನಡ ಸಿನಿಮಾ ಶುಕ್ರವಾರ ಬೆಳಗ್ಗೆ ಬಿಡುಗಡೆಯಾದರೆ ಮಧ್ಯಾಹ್ನದ ಹೊತ್ತಿಗೆ ತೀರ್ಪು ಆಗಿಹೋಗಿರುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ ಊರ ತುಂಬ ಟಾಪರ್‌ಗಳ ಫ್ಲೆಕ್ಸ್, ಮೂವತ್ತೈದು ತೆಗೆದ ಹುಡುಗ ಆ ಫ್ಲೆಕ್ಸ್ ಕೆಳಗೇ ತಲೆ ತಗ್ಗಿಸಿ ಹೋಗಬೇಕು. ಹತ್ತನೇ ಕ್ಲಾಸು ಅಂದ ಕೂಡಲೇ ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ನನ್ನ ಅಕ್ಕನ ಮೊಮ್ಮಗಳನ್ನು ಒಂದು ಕೋಚಿಂಗ್ ಕ್ಯಾಂಪಿನಲ್ಲಿ ಮೂರೇ ವಾರಕ್ಕೆ 'ಇವಳಿಗೆ ಆಗಲ್ಲ' ಅಂತ ವಾಪಸ್ ಕಳಿಸಿದರು. ಮೂರು ವಾರದಲ್ಲಿ ಹುರುಳಿ ಬಳ್ಳಿಯೂ ಹೂ ಬಿಡುವುದಿಲ್ಲ. ಮಗು ಈಗ ರ‍್ಯಾಕೆಟ್ ಮುಟ್ಟುವುದಿಲ್ಲ.

ಹಾಗಂತ ನಾವು ಕಾಯುವುದೇ ಗೊತ್ತಿಲ್ಲದ ಜನ ಅಲ್ಲ. 2017ರಲ್ಲಿ ಆರ್‌ಸಿಬಿ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್ ಆಯಿತು. ಆ ವರ್ಷ ಗೆದ್ದಿದ್ದೂ ಮೂರೇ ಪಂದ್ಯ, ಸ್ಥಾನವೂ ಕೊನೆಯದೇ. ಆಗ ನೀವು ಆರ್‌ಸಿಬಿ ಬಿಟ್ಟಿರಾ? ದಾವಣಗೆರೆಯವರು ಬಿಟ್ಟಿರಲಿಕ್ಕಿಲ್ಲ. 2025ರವರೆಗೂ 'ಈ ಸಲ ಕಪ್ ನಮ್ದೆ' ಅಂತ ಅಂದುಕೊಂಡೇ ಬಂದಿರುತ್ತೀರಿ. ಬೆಂಗಳೂರಿನ ತಂಡಕ್ಕೆ ಒಂದು ನ್ಯಾಯ, ನಿಮಗೆ ಅನ್ನ ಕೊಡುತ್ತಿರುವ ಊರಿನ ತಂಡಕ್ಕೆ ಇನ್ನೊಂದು ನ್ಯಾಯವಾ? ನಿಮ್ಮ ಮಗನಿಗೆ ಬ್ರಿಸ್ಬೇನೇ ಊರು. ಅವನು ನಿಮ್ಮನ್ನು ಕೇಳಿದ್ದು ಅದನ್ನೇ ಇರಬೇಕು.

ಮೆಂಬರ್‌ಶಿಪ್ ಮಾಡಿಸಿ. ಒಂದಲ್ಲ, ಎರಡು. ಅವನ ಪಕ್ಕದ ಸೀಟೇ ತಗೊಳ್ಳಿ, ಗೋಲ್ ಪೋಸ್ಟ್ ಹಿಂದಿನ ಅಗ್ಗದ ಜಾಗವಾದರೂ ಪರವಾಗಿಲ್ಲ. 'ಬಿಟ್ಟು ಹೋಗಿದ್ದು ನಿಜ ಕಣಪ್ಪ' ಅಂತ ಅವನಿಗೆ ಒಂದು ಸಲ ಬಾಯಿಬಿಟ್ಟು ಹೇಳಿ.

ಇನ್ನೊಂದು ಕೆಲಸ ಇದೆ. 2020ರ ಕೊನೆಯ ಪಂದ್ಯ, ಕೌಬಾಯ್ಸ್ ಎದುರು 32–16 ಸೋತ ರಾತ್ರಿ, ನೀವು ಟಿವಿ ಕೋಣೆಯಲ್ಲಿ ಇರಲಿಲ್ಲ. ಆ ಒಂಬತ್ತು ವರ್ಷದ ಹುಡುಗ ಒಬ್ಬನೇ ಕೂತು ಏನು ನೋಡಿದ, ಯಾರಿಗೋಸ್ಕರ ಕೂತಿದ್ದ ಅಂತ ಕೇಳಿ ತಿಳಿದುಕೊಳ್ಳಿ. ಅವನಿಗೆ ಕನ್ನಡ ಬರೆಯಲು ಬರದಿದ್ದರೆ ಅವನು ಹೇಳಲಿ, ನೀವು ಬರೆದುಕೊಳ್ಳಿ. ಎರಡು ಪುಟ ಆದರೂ ಸರಿ, ನಾಲ್ಕು ಪುಟ ಆದರೂ ಸರಿ. ಅದಕ್ಕೆ ಜಾಗ ಇಟ್ಟುಕೊಂಡಿರುತ್ತೇನೆ.

— ಸಂಪಾದಕ