ಸೋಲಿಲ್ಲದ ಸರದಾರನ ಲೆಕ್ಕ

ಪತ್ರ: ಕಳೆದ ಸಂಚಿಕೆಯಲ್ಲಿ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರನ್ನು ‘ಸೋಲಿಲ್ಲದ ಸರದಾರ’ ಎಂದಿದ್ದೀರಿ. ಅವರು ಮೂರು ಸಲ ಸೋತಿದ್ದಾರೆ. ಅಂಗಿ ಬದಲಿಸಿದಂತೆ ಪಕ್ಷ ಬದಲಿಸಿದವರಿಗೆ ಇಷ್ಟೊಂದು ಮರ್ಯಾದೆ ಏಕೆ?

ಸಂಪಾದಕರ ಉತ್ತರ: ಸೋಲಿನ ಲೆಕ್ಕ ಸರಿಯಾಗಿದೆ: 1998, 2008, 2009. ಆದರೆ ಆ ಬಿರುದು ಹುಟ್ಟಿದ್ದು ಅದಕ್ಕೂ ಮೊದಲು, ಶಿವಮೊಗ್ಗ ಜಿಲ್ಲೆಯ ಸೊರಬ ಕ್ಷೇತ್ರದಲ್ಲಿ. 1967ರಿಂದ 1994ರವರೆಗೆ ಏಳು ವಿಧಾನಸಭಾ ಚುನಾವಣೆಗಳನ್ನು ಅವರು ಒಂದನ್ನೂ ಸೋಲದೆ ಗೆದ್ದರು. ಸಮಾಜವಾದಿಯಾಗಿ ಆರಂಭಿಸಿ, ಕಾಂಗ್ರೆಸ್ ಸೇರಿ, ದೇವರಾಜ ಅರಸರ ಕ್ರಾಂತಿರಂಗ ಪಕ್ಷಕ್ಕೆ ಹೋಗಿ, ಮತ್ತೆ ಕಾಂಗ್ರೆಸ್ಸಿಗೆ ಬಂದು, ಕಡೆಗೆ ಸ್ವಂತ ಪಕ್ಷದ ಹೆಸರಿನಲ್ಲಿ. ಚಿಹ್ನೆ ಯಾವುದಾದರೂ ಸೊರಬದವರು ನೋಡುತ್ತಿದ್ದುದು ಮನುಷ್ಯನನ್ನು.

ಪಕ್ಷಾಂತರದ ಮಾತು. 2004ರಲ್ಲಿ ಬಿಜೆಪಿಯಿಂದ ಶಿವಮೊಗ್ಗದ ಸಂಸದರಾದರು. ಹೆಚ್ಚು ದಿನ ನಿಲ್ಲಲಿಲ್ಲ, ನಿಜ. ಆದರೆ ಪಕ್ಷದ ಜೊತೆ ಸ್ಥಾನವನ್ನೂ ಬಿಟ್ಟರು. ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ನೆಲೆಯಿಲ್ಲದ ಸಮಾಜವಾದಿ ಪಕ್ಷದ ಸೈಕಲ್ ಹಿಡಿದು 2005ರ ಉಪಚುನಾವಣೆಯಲ್ಲಿ ಮತ್ತೆ ಗೆದ್ದರು. ರೆಸಾರ್ಟ್‌ಗಳಲ್ಲಿ ನಿಷ್ಠೆ ಬದಲಾಗುವುದನ್ನು ಕಂಡಿರುವ ನಮಗೆ ಇದು ಪಕ್ಷಾಂತರವೋ ಪಂಥಾಹ್ವಾನವೋ ಎಂಬ ಗೊಂದಲ ಬರಬೇಕು.

ನಾನಾದರೆ ಅವರನ್ನು ಬೇರೆ ಕಡೆ ಹಿಡಿಯುತ್ತಿದ್ದೆ. ಕಾವೇರಿ ನ್ಯಾಯಮಂಡಳಿ 1991ರ ಜೂನ್‌ನಲ್ಲಿ ಕರ್ನಾಟಕವು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತು. ಮುಖ್ಯಮಂತ್ರಿ ಬಂಗಾರಪ್ಪ ಮರುತಿಂಗಳೇ ಆ ಆದೇಶವನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿದರು. ನಾಡು ಚಪ್ಪಾಳೆ ತಟ್ಟಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಸಂವಿಧಾನಬಾಹಿರ ಎಂದಿತು. ಡಿಸೆಂಬರ್‌ನಲ್ಲಿ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದ ಬಳಿಕ ಬೆಂಗಳೂರು, ಮೈಸೂರು ಭಾಗದಲ್ಲಿ ನಡೆದ ಹಿಂಸೆಯ ಬೆಲೆ ತೆತ್ತವರು ಬಡ ತಮಿಳು ಕೂಲಿಕಾರರು. ಆ ಸುಗ್ರೀವಾಜ್ಞೆ ನ್ಯಾಯಾಲಯದಲ್ಲಿ ನಿಲ್ಲದೆಂಬುದು ಕಾನೂನು ಓದಿದ್ದ ಅವರಿಗೆ ಹೊಳೆದಿರಲಿಲ್ಲ ಎಂದರೆ ನಾನು ನಂಬಲಾರೆ. ಇದರ ಮುಂದೆ, ಅವರ ಮೇಲೆ ಆರೋಪ ಬಂದಿದ್ದ ಕ್ಲಾಸಿಕ್ ಕಂಪ್ಯೂಟರ್ ಹಗರಣ ನನಗೆ ಸಣ್ಣದು. ಅಂದು ಪತ್ರಿಕೆಗಳಲ್ಲಿ ಅದೇ ದೊಡ್ಡದಾಗಿತ್ತು.

ಅದೇ ಸರ್ಕಾರ ನೌಕರಿ ನೇಮಕದಲ್ಲಿ ಹಳ್ಳಿಯಲ್ಲಿ ಓದಿದವರಿಗೆ ಹೆಚ್ಚುವರಿ ಅಂಕ ಕೊಡುವ ಗ್ರಾಮೀಣ ಕೃಪಾಂಕ ತಂದಿತು, ‘ಆಶ್ರಯ’ದಲ್ಲಿ ಸೂರಿಲ್ಲದವರಿಗೆ ಮನೆ ಕೊಡಲು ಹೊರಟಿತು, ‘ಆರಾಧನಾ’ದಲ್ಲಿ ಊರಿನ ಸಣ್ಣ ಗುಡಿಗಳ ಜೀರ್ಣೋದ್ಧಾರಕ್ಕೂ ಹಣ ಕೊಟ್ಟಿತು. ಹಳ್ಳಿ ಶಾಲೆಯಲ್ಲಿ ಓದಿ ಸರ್ಕಾರಿ ನೌಕರಿ ಹಿಡಿದ ತಲೆಮಾರು ಅವರ ಹೆಸರು ಹೇಳುವಾಗ ದನಿ ಬೇರೆಯೇ ಇರುತ್ತದೆ. ಮರ್ಯಾದೆಯ ಮೂಲ ಅಲ್ಲಿದೆ, ನಮ್ಮ ಶೀರ್ಷಿಕೆಯಲ್ಲಿ ಅಲ್ಲ.

ಪಕ್ಷ ಕಟ್ಟುವುದು ಅವರಿಗೆ ಬರುತ್ತಿತ್ತು, ಉಳಿಸುವುದು ಬರುತ್ತಿರಲಿಲ್ಲ. ಅವರು ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ 1994ರಲ್ಲಿ ಹತ್ತು ಸ್ಥಾನ ಗೆದ್ದು, ಕಾಂಗ್ರೆಸ್ಸನ್ನು ಮೂವತ್ತನಾಲ್ಕಕ್ಕೆ ಇಳಿಸುವುದರಲ್ಲಿ ಪಾಲು ಪಡೆಯಿತು. ಬಳಿಕ ಅದರ ಗುರುತೇ ಉಳಿಯಲಿಲ್ಲ. 2004ರಲ್ಲಿ ಅವರು ಬಂದಾಗ 44ರಿಂದ 79ಕ್ಕೇರಿದ ಬಿಜೆಪಿ, ಮಲೆನಾಡಿನಲ್ಲಿ ಸಿಕ್ಕ ಹಿಂದುಳಿದವರ ಬೆಂಬಲವನ್ನು ಅವರು ಹೋದ ಮೇಲೂ ಬಿಡಲಿಲ್ಲ. 2008ರಲ್ಲಿ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು, ಮರುವರ್ಷ ಲೋಕಸಭೆಗೆ ಅವರ ಮಗನ ಎದುರು ಬಂಗಾರಪ್ಪ ಸೋತದ್ದು ಆ ಪಕ್ಷಕ್ಕೇ.

2011ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರು ಜೆಡಿಎಸ್‌ನಲ್ಲಿದ್ದರು. ಸೊರಬದಲ್ಲಿ ಪೈಪೋಟಿ ಮನೆಯೊಳಗೇ ಉಳಿಯಿತು: 2018ರಲ್ಲಿ ಬಂಗಾರಪ್ಪನವರ ಹಿರಿಯ ಮಗ, ಬಿಜೆಪಿಯ ಕುಮಾರ್, ಕಿರಿಯ ಮಗ ಮಧುವನ್ನು ಸೋಲಿಸಿದರು, 2023ರಲ್ಲಿ ಕಾಂಗ್ರೆಸ್‌ನಿಂದ ಮಧು ಅಣ್ಣನನ್ನು ಸೋಲಿಸಿದರು.