ಅರ್ಧ ರೇಟಿನ ಟಾಪ್-ಅಪ್ ತಗೊಂಡು ಗೇಮ್ ಗೆಳೆಯನಿಗೆ ಬರ್ತ್‌ಡೇ ಗಿಫ್ಟ್ ಕೊಡಲಾ? ಪಾಸ್‌ವರ್ಡ್ ಕೇಳಲ್ಲ, ಐಡಿ ನಂಬರ್ ಸಾಕು ಅಂತಾರೆ

ಬೇಡ್ರಿ. ಪಿಯುಸಿ ಓದುವ ಗೇಮ್ ಗೆಳೆಯನ ಬರ್ತ್‌ಡೇಗೆ, ಹೊರಗಿನವನಿಂದ ಅರ್ಧ ರೇಟಿಗೆ ಟಾಪ್-ಅಪ್ (ಗೇಮಿನೊಳಗೆ ಖರ್ಚು ಮಾಡುವ ಹಣ) ಕೊಂಡು ಸರ್‌ಪ್ರೈಸ್ ಕೊಡಲಾ ಅಂತ ಕೇಳಿದ್ದೀರಿ.

"ಪಾಸ್‌ವರ್ಡ್ ಕೇಳಲ್ಲ ಅಂದ ಮೇಲೆ ಹೆದರಿಕೆ ಏನು" ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಾನು ನನ್ನ ರೂಮ್‌ಮೇಟ್‌ಗೆ ಹೇಳಿದ್ದೆ. ಆಗ ನಾನು ಬಾಗಲಕೋಟೆಯ ನವನಗರದಲ್ಲಿ ರೂಮ್ ಮಾಡಿಕೊಂಡಿದ್ದೆ, ಹೊಸದಾಗಿ ಕೆಲಸ ಸಿಕ್ಕಿತ್ತು. ಅವನು ಮುಧೋಳದವನು, ಗೇಮಿನ ಗಂಧ ಗಾಳಿ ಇಲ್ಲ. "ಲೇ, ಅಂವೇನು ಕಂಪನಿಯವ್ನ ಅಳಿಯಾ? ಅರ್ಧಾಕ್ಕ ಹೆಂಗ ಕೊಡ್ತಾನ?" ಅಂತ ಒಂದೇ ಮಾತು ಕೇಳಿ ಮಲಗಿಬಿಟ್ಟ. ನಾನು ಯುಪಿಐ ಪಿನ್ ಒತ್ತಿದೆ.

ಗೇಮಿನ ಹೆಸರು ಹೇಳಲ್ಲ, ಅದರದ್ದೇನೂ ತಪ್ಪಿಲ್ಲ. ನಾಲ್ಕು ಜನರ ಸ್ಕ್ವಾಡ್ ಕಟ್ಟಿಕೊಂಡು ಆಡುವ ಶೂಟಿಂಗ್ ಗೇಮ್ ಅಂದುಕೊಳ್ಳಿ. ಒಂದು ರಾತ್ರಿ ನಾಲ್ಕನೆಯವನಾಗಿ ಗುರುತಿಲ್ಲದ ಒಬ್ಬ ರ‍್ಯಾಂಡಮ್ ಬಂದ. ಹಿಂದಿ ಬೈಗುಳದ ನಡುವೆ ಮೈಕಿನಲ್ಲಿ "ಯಾರರ ಕನ್ನಡದವ್ರು ಅದೀರೇನ್ರಿ?" ಅಂದ. ಇಂಡಿ ಕಡೆಯ ಹುಡುಗ, ಮನೆಯವರದು ಲಿಂಬೆ ತೋಟ. ರಾತ್ರಿ ತ್ರೀ-ಫೇಸ್ ಕರೆಂಟ್ ಕೊಟ್ಟಾಗ ಮೋಟರ್ ಚಾಲೂ ಮಾಡಲು ತೋಟಕ್ಕೆ ಹೋಗಬೇಕು. ನೀರು ಬಿಟ್ಟು ಅಲ್ಲೇ ಕೂತು ಆಡುತ್ತಿದ್ದ. ಅವನ ಮೈಕ್ ಆನ್ ಆದರೆ ಸಾಕು, ಗುಂಡಿನ ಸದ್ದಿನ ಹಿಂದೆ ಪಂಪ್‌ಸೆಟ್ಟಿನ ಸದ್ದು. ಆಟದಲ್ಲಿ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ನಾನು ಗುಂಡು ತಿಂದು ಬಿದ್ದರೆ ಹೊಗೆ ಬಾಂಬ್ ಹಾಕಿ ಬಂದು ಮತ್ತೆ ಎಬ್ಬಿಸುವವನು ಅವನೊಬ್ಬನೇ, ಉಳಿದವರು ನನ್ನ ಬ್ಯಾಗಿನ ಸಾಮಾನಿನ ಮೇಲೆ ಕಣ್ಣಿಟ್ಟಿರುತ್ತಿದ್ದರು.

ನನ್ನ ಹುಟ್ಟಿದ ದಿನ ಅವನಿಗೆ ಹೇಗೆ ಗೊತ್ತಾಯಿತೋ, ಗೇಮಿನ ಅಂಗಡಿಯಿಂದಲೇ ಒಂದು ಗನ್ ಸ್ಕಿನ್ (ಗೇಮಿನ ಗನ್ನಿಗೆ ಹಾಕುವ ಅಲಂಕಾರ) ಕಳಿಸಿದ. ಯಾಕಪ್ಪಾ ಅಂದರೆ "ಲಿಂಬಿ ರೇಟ ಛಲೋ ಬಂದೈತ್ರಿ ಅಣ್ಣಾ" ಅಂದ. ಈಗ ನೋಡಿ, ಕೆಲಸಕ್ಕೆ ಹೋಗುವವನು ನಾನು, ವಯಸ್ಸಿನಲ್ಲಿ ದೊಡ್ಡವನು ನಾನು, ಕೊಟ್ಟವನು ಅವನು. ಅದು ಚುಚ್ಚತೊಡಗಿತು. ತಿರುಗಿ ಕೊಟ್ಟರೆ ಅದರ ಎರಡರಷ್ಟು, ಮೂರರಷ್ಟು ಕೊಡಬೇಕು, ಮ್ಯಾಚ್‌ಗೆ ಮೊದಲು ಸೇರುವ ಲಾಬಿಯಲ್ಲಿ ಎಲ್ಲರಿಗೂ ಕಾಣಬೇಕು ಅಂತ ತಲೆಯಲ್ಲಿ ಕೂತಿತು. ಸಂಬಳ ನೋಡಿದರೆ ಅಷ್ಟಿಲ್ಲ. ಆಗಲೇ ಒಂದು ಗ್ರೂಪಿನಲ್ಲಿ ಅರ್ಧ ರೇಟಿನ ಟಾಪ್-ಅಪ್ ಕಂಡದ್ದು. ದುಡ್ಡು ಉಳಿಸುವ ಆಸೆಗೆ ಬಿದ್ದೆ ಅಂತ ಜನ ತಿಳಿಯುತ್ತಾರೆ. ಹಾಗಲ್ಲ, ಕಡಿಮೆ ದುಡ್ಡಿನಲ್ಲಿ ದೊಡ್ಡವನಾಗಿ ಕಾಣಬೇಕು ಅನ್ನುವ ಆಸೆ ಅದು.

ಎಡವಟ್ಟು ಎಲ್ಲಾಯಿತು ಅಂತ ಬಿಡಿಸಿಯೇ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ಇಂಥ ಗೇಮ್‌ಗಳಲ್ಲಿ ಪ್ರತಿ ಆಟಗಾರನಿಗೂ ಒಂದು ಐಡಿ ನಂಬರ್ ಇರುತ್ತದೆ, ಪ್ರೊಫೈಲ್ ತೆರೆದರೆ ಯಾರಿಗಾದರೂ ಕಾಣುತ್ತದೆ. ಆ ನಂಬರ್ ಹಾಕಿ ಟಾಪ್-ಅಪ್ ಮಾಡಿದರೆ ಗೇಮಿನ ಹಣ ಸೀದಾ ಆ ಅಕೌಂಟಿಗೆ ಬೀಳುತ್ತದೆ. ಮಾರುವವನಿಗೆ ನಿಮ್ಮ ಪಾಸ್‌ವರ್ಡ್ ಯಾತಕ್ಕೆ ಬೇಕು? ಅವನು ಕದಿಯಬೇಕಾದ್ದು ನಿಮ್ಮ ಹತ್ತಿರ ಇಲ್ಲ. ಕದ್ದದ್ದು ಆಗಲೇ ಅವನ ಹತ್ತಿರ ಇದೆ.

ಗೇಮ್ ಕಂಪನಿ ಬೋನಸ್ ಕೊಡುತ್ತದೆ, ಹಬ್ಬಕ್ಕೆ ಆಫರ್ ಬಿಡುತ್ತದೆ, ಅದೆಲ್ಲ ಗೇಮಿನ ಒಳಗೇ ಕಾಣುತ್ತದೆ. ಹೊರಗಿನವನು ಅರ್ಧ ಬೆಲೆಗೆ ಕೊಟ್ಟೂ ಲಾಭ ಮಾಡಬೇಕಾದರೆ ಅವನು ಪೂರ್ತಿ ಬೆಲೆ ಕೊಟ್ಟಿರಲಿಕ್ಕಿಲ್ಲ. ಒಂದೋ ಯಾರದೋ ಕಾರ್ಡಿನ ವಿವರ ಕದ್ದು ಅದರಿಂದ ಕೊಳ್ಳುತ್ತಾನೆ, ನಿಮ್ಮಿಂದ ಬಂದದ್ದೆಲ್ಲ ಅವನ ಜೇಬಿಗೆ. ಇಲ್ಲವೇ ತನ್ನದೇ ದುಡ್ಡಿನಲ್ಲಿ ಕೊಂಡು, ನಿಮಗೆ ಮಾರಿ, ಆಮೇಲೆ "ಮನೆಯ ಮಗು ತಿಳಿಯದೆ ಒತ್ತಿಬಿಟ್ಟಿತು" ಅಂತ ರೀಫಂಡ್ ಹಾಕುತ್ತಾನೆ. ಯಾವ ದಾರಿ ಹಿಡಿದರೂ ಕಂಪನಿಗೆ ಬಂದ ಹಣ ವಾಪಸ್ ಹೋಗುತ್ತದೆ. ಆದರೆ ಅದು ಅವತ್ತೇ ಆಗುವುದಿಲ್ಲ. ಕಾರ್ಡಿನ ನಿಜವಾದ ಮಾಲೀಕ ಸ್ಟೇಟ್‌ಮೆಂಟ್ ನೋಡಿ, ಬ್ಯಾಂಕಿಗೆ ದೂರು ಕೊಟ್ಟು, ಬ್ಯಾಂಕು ವಿಚಾರಿಸಿ ಹಣ ಎಳೆದುಕೊಳ್ಳುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಅಷ್ಟರಲ್ಲಿ ನೀವು ಗ್ರೂಪಿನಲ್ಲಿ "ಟ್ರಸ್ಟೆಡ್ ಸೆಲ್ಲರ್, ಹತ್ತೇ ನಿಮಿಷದಲ್ಲಿ ಬಂತು" ಅಂತ ಬರೆದು ಹಾಕಿರುತ್ತೀರಿ. ನಾನೂ ಬರೆದಿದ್ದೆ. ನೀವು ನೋಡಿ ನಂಬಿದ್ದೀರಲ್ಲ, ಆ ಒಳ್ಳೊಳ್ಳೆ ರಿವ್ಯೂಗಳು, ಅವೆಲ್ಲ ಸುಳ್ಳು ಅಂತ ನಾನು ಹೇಳಲ್ಲ. ಮೊದಲ ವಾರ ಬರೆದವು ಅವು, ಅಷ್ಟೇ.

ಇನ್ನು ಕಂಪನಿಯ ಕಡೆಯಿಂದ ನೋಡಿ. ಹಣ ವಾಪಸ್ ಹೋಯಿತು, ಸರಕು ಮಾತ್ರ ಯಾರದೋ ಅಕೌಂಟಿನಲ್ಲಿದೆ. ಯಾರ ಅಕೌಂಟಿನಲ್ಲಿ? ನನ್ನದರಲ್ಲಿ ಅಲ್ಲ, ಮಾರಿದವನದರಲ್ಲೂ ಅಲ್ಲ. ಇಂಡಿ ಕಡೆಯ ಆ ಹುಡುಗನದರಲ್ಲಿ. ಕದ್ದ ಮಾಲು ಅಂತ ತಿಳಿಯದೆ ಅರ್ಧ ಬೆಲೆಗೆ ಇಳಕಲ್ ಸೀರೆ ತಂದು ಅಕ್ಕನಿಗೆ ಉಡಿಸಿದರೆ ಪೊಲೀಸರು ಬಂದು ನಿಲ್ಲುವುದು ಅಕ್ಕನ ಮನೆ ಬಾಗಿಲಿಗೆ. ನಾನು ಎಲ್ಲ ಲೆಕ್ಕ ಹಾಕಿದ್ದೆ. ಮೋಸ ಆದರೆ ನನ್ನ ದುಡ್ಡು ಹೋಗುತ್ತದೆ, ಹೋಗಲಿ ಬಿಡು ಅಂತ ಎದೆ ಗಟ್ಟಿ ಮಾಡಿಕೊಂಡಿದ್ದೆ. ಹೋಗುವುದು ಅವನ ಐಡಿ ಅನ್ನುವುದು ಮಾತ್ರ ಲೆಕ್ಕಕ್ಕೇ ಬರಲಿಲ್ಲ.

ಟಾಪ್-ಅಪ್ ಬಿದ್ದ ರಾತ್ರಿ ಅವನ ಕೂಗಾಟ ಕೇಳಬೇಕಿತ್ತು. ಅಲ್ಲೇ ಕ್ರೇಟ್ (ಒಳಗೇನು ಸಿಗುತ್ತದೋ ಗೊತ್ತಿಲ್ಲದ ಪೆಟ್ಟಿಗೆ) ತೆರೆದ, ಒಂದು ಡ್ರೆಸ್ ತಗೊಂಡ, ಮಿಕ್ಕಿದ್ದರಲ್ಲಿ ಸ್ಕ್ವಾಡಿನ ಇನ್ನಿಬ್ಬರಿಗೂ ಏನೋ ಕೊಡಿಸಿದ. ತಿಂಗಳಾಗಿರಬಹುದು, "ಅಣ್ಣಾ, ಬ್ಯಾಲೆನ್ಸ್ ಮೈನಸ್ ತೋರಸಾಕತ್ತೈತ್ರಿ" ಅಂತ ಮೆಸೇಜು. ಕಂಪನಿ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಎಳೆದಿತ್ತು. ಅವನು ಆಗಲೇ ಖರ್ಚು ಮಾಡಿದ್ದರಿಂದ ಸೊನ್ನೆಗಿಂತ ಕೆಳಗೆ ಹೋಗಿತ್ತು. ಆ ಮೈನಸ್ ತುಂಬುವವರೆಗೆ ಮ್ಯಾಚ್ ಆಡಲು ಬಿಡಲ್ಲ. ವಿಜಯಪುರದಲ್ಲಿ ಹುಡುಗರೇ ಸೇರಿ ಇಟ್ಟಿದ್ದ ಒಂದು ಸಣ್ಣ ಟೂರ್ನಮೆಂಟಿಗೆ ಅವನು ಹೆಸರು ಕೊಟ್ಟಿದ್ದ, ಅದೂ ತಪ್ಪಿತು.

ಕಸ್ಟಮರ್ ಕೇರ್‌ಗೆ ಬರೆದೆವು. ಖರೀದಿ ರಸೀದಿ ಕಳಿಸಿ ಅಂದರು. ಪ್ಲೇ ಸ್ಟೋರ್‌ನಲ್ಲಿ ಕೊಂಡರೆ ಜಿಪಿಎ ಅಂತ ಶುರುವಾಗುವ ಆರ್ಡರ್ ನಂಬರ್ ಮೇಲ್‌ಗೆ ಬರುತ್ತದೆ, ಗಮನಿಸಿರಬಹುದು. ನನ್ನ ಹತ್ತಿರ ಇದ್ದದ್ದು ಯುಪಿಐ ಸ್ಕ್ರೀನ್‌ಶಾಟ್ ಒಂದೇ. ಯಾರೋ ಒಬ್ಬ ವ್ಯಕ್ತಿಗೆ ನಾನು ದುಡ್ಡು ಕಳಿಸಿದ್ದೇನೆ ಅಂತ ಅದು ಹೇಳುತ್ತದೆ, ಗೇಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಮಾರಿದವನ ನಂಬರ್ ಅಷ್ಟೊತ್ತಿಗೆ ಸ್ವಿಚ್ ಆಫ್. ಮೋಸ ಹೋದೆ ಅಂತ ದೂರು ಕೊಡೋಣವೆಂದರೆ ಬಾಯಿ ಬರಲ್ಲ: ಹೇಳಿದ ಮಾಲು ಹೇಳಿದ ಹೊತ್ತಿಗೆ ತಲುಪಿತ್ತಲ್ಲ! ಕೊನೆಗೆ ಗೇಮಿನೊಳಗಿಂದಲೇ, ಪೂರ್ತಿ ಬೆಲೆಗೆ, ಮೈನಸ್ ತುಂಬಿಕೊಟ್ಟೆ. ಅರ್ಧ ಕೊಟ್ಟಿದ್ದೆ, ಮೇಲೆ ಪೂರ್ತಿ ಕೊಟ್ಟೆ, ಗಿಫ್ಟ್ ಒಂದೇ.

ದುಡ್ಡಿನದು ಹಾಗೆ ಮುಗಿಯಿತು. ಹುಡುಗ ಒಂದೇ ಮಾತು ಕೇಳಿದ: "ನಾ ಏನರ ಕೇಳಿದ್ನೇನ್ರಿ ನಿಮಗ?" ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭೇಟಿಯಾಗುವ ಮಾತಾಗಿತ್ತು. ನಾನು ಹೋಗಿದ್ದೆ, ಅವನು ಫೋನ್ ಎತ್ತಲಿಲ್ಲ. ಅವನ ಕಡೆಯಿಂದ ನೋಡಿದರೆ ಸರಿಯೇ. ಇಂಥದ್ದೇ ಕಳ್ಳ ಟಾಪ್-ಅಪ್ ದಂಧೆಯಲ್ಲಿ ನಾನೂ ಒಬ್ಬ ಅಂತ ಅವರಣ್ಣ ತಿಳಿದಿದ್ದರಂತೆ.

ನಿಮ್ಮ ಪ್ರಶ್ನೆಯಲ್ಲಿ "ಎಲ್ಲಿ ಅಗ್ಗ" ಅನ್ನುವುದು ನಾಲ್ಕು ಕಡೆ ಬಂದಿದೆ, "ಅವನಿಗೇನು ಬೇಕು" ಅನ್ನುವುದು ಒಂದು ಕಡೆಯೂ ಇಲ್ಲ. ಸರ್‌ಪ್ರೈಸ್ ಕೊಡಬೇಕು ಅಂತಲೂ ಬರೆದಿದ್ದೀರಿ. ನನ್ನ ಮಟ್ಟಿಗೆ ಆನ್‌ಲೈನ್ ಗೇಮಿನಲ್ಲಿ ಸರ್‌ಪ್ರೈಸ್ ಅನ್ನುವುದೇ ಕೆಟ್ಟ ಯೋಚನೆ. ಬೇರೆಯವರ ಅಕೌಂಟಿಗೆ ಏನಾದರೂ ಹಾಕುವ ಮೊದಲು ಅವರನ್ನು ಕೇಳಬೇಕು. ನಾನು ಕೇಳಿದ್ದರೆ ಆ ಹುಡುಗ ರೇಟ್ ಎಷ್ಟು, ಎಲ್ಲಿಂದ, ಅಂತ ತಿರುಗಿ ಕೇಳುತ್ತಿದ್ದ. ಲಿಂಬೆ ಮಾರುವ ಮನೆಯವನು, ಅರ್ಧ ಬೆಲೆ ಅಂದರೆ ಅವನಿಗೇ ಮೊದಲು ಅನುಮಾನ ಬರುತ್ತಿತ್ತು.

ಕೊಡಲೇಬೇಕು ಅಂದರೆ ಗೇಮಿನ ಒಳಗಿರುವ ಗಿಫ್ಟ್ ಬಟನ್ನಿನಿಂದ, ಒಂದು ವಸ್ತು ಕೊಡಿ. ಸಣ್ಣದಾಗಿದ್ದರೂ ನಡೆಯುತ್ತದೆ. ಕ್ರೇಟ್ ತೆರೆಯಲು ಗೇಮ್ ಹಣ ಕೊಡುವುದು ನನಗೆ ಹಿಡಿಸಲ್ಲ, ಅದು ಗಿಫ್ಟ್ ಅಲ್ಲ, ಲಾಟರಿ ಚಟ ಹಚ್ಚುವುದು. "ಗೆಳೆಯರಾಗಿ ಇಷ್ಟು ಹೊತ್ತು ಆಗಿರಬೇಕು" ಅಂತ ಗೇಮ್ ತಡೆದರೆ ಸಿಟ್ಟಾಗಬೇಡಿ. ಫೋರ್ಟ್‌ನೈಟ್ ಅನ್ನುವ ಗೇಮಿನಲ್ಲಿ ಫ್ರೆಂಡ್ ಆಗಿ 48 ಗಂಟೆ ಕಳೆಯದೆ ಗಿಫ್ಟ್ ಹೋಗಲ್ಲ, ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಡಿಜಿಟಲ್ ಗಿಫ್ಟ್ ಕಾರ್ಡ್ ಕಳಿಸಲು ಮೂರು ದಿನ ಫ್ರೆಂಡ್ ಆಗಿರಬೇಕು. ಯಾರದೋ ಅಕೌಂಟಿಗೆ ನುಗ್ಗಿದವನು ಒಂದೇ ಗಂಟೆಯಲ್ಲಿ ಎಲ್ಲವನ್ನೂ ತನ್ನ ಐಡಿಗೆ ಸಾಗಿಸದಂತೆ ಹಾಕಿದ ಅಗಳಿ ಅದು.

ಪಿಸಿ ಗೇಮ್ ಬಗ್ಗೆಯೂ ಕೇಳಿದ್ದೀರಿ. ಸ್ಟೀಮ್‌ನಲ್ಲಿ ಮುಂಚೆ ಗೇಮ್ ಕೊಂಡು ಗಿಫ್ಟ್ ಅಂತ ತನ್ನ ಅಕೌಂಟಿನಲ್ಲೇ ಇಟ್ಟುಕೊಂಡು, ಬೇಕಾದಾಗ ಕಳಿಸಬಹುದಿತ್ತು. ಸೇಲ್‌ನಲ್ಲಿ ಕೊಂಡು ಕೂಡಿಟ್ಟು ಆಮೇಲೆ ಮಾರುವವರು ಹುಟ್ಟಿಕೊಂಡರು. 2017ರ ಮೇ ತಿಂಗಳಿನಿಂದ ಅದು ನಿಂತಿದೆ. ಈಗ ಕೊಳ್ಳುವಾಗಲೇ ಯಾವ ಫ್ರೆಂಡ್‌ಗೆ ಅಂತ ಆರಿಸಬೇಕು, ಬರ್ತ್‌ಡೇ ದಿನಕ್ಕೇ ತಲುಪುವಂತೆ ತಾರೀಖೂ ಹಾಕಬಹುದು. ಅವನು ಒಲ್ಲೆ ಅಂದರೆ ದುಡ್ಡು ನಿಮಗೇ ವಾಪಸ್. ಈ ಒಂದು ಸೌಕರ್ಯಕ್ಕೇ ನಾನು ಅದನ್ನು ಮೆಚ್ಚುತ್ತೇನೆ, ಬೇಡ ಅನ್ನುವ ಹಕ್ಕು ತಗೊಳ್ಳುವವನಿಗೆ ಉಳಿದಿದೆ. ತಗೊಂಡ ಮೇಲೂ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ರೀಫಂಡ್ ಉಂಟು. ಆದರೆ ಕೇಳಬೇಕಾದವನು ಅವನು, ದುಡ್ಡು ಬರುವುದು ನಿಮಗೆ. 2015ರ ನವೆಂಬರ್‌ನಿಂದ ನಮಗೆ ರೂಪಾಯಿ ರೇಟ್ ಇದೆ, ಎಷ್ಟೋ ಗೇಮ್ ಹೊರದೇಶಕ್ಕಿಂತ ಇಲ್ಲಿ ಅಗ್ಗ. ಹಾಗಂತ ಹೊರದೇಶದಲ್ಲಿರುವ ಮಾವನ ಮಗನಿಗೆ ಇಲ್ಲಿಂದ ಕಳಿಸಲು ಹೋದರೆ, ಎರಡು ದೇಶದ ಬೆಲೆಯಲ್ಲಿ ಅಂತರ ಬಹಳ ಇದ್ದಲ್ಲಿ ಅದು ಬಿಡಲ್ಲ. ಪುಣೆ, ಸೊಲ್ಲಾಪುರದ ನೆಂಟರಿಗಾದರೆ ಏನೂ ತೊಂದರೆ ಇಲ್ಲ.

ದೊಡ್ಡ ಮೊತ್ತ ಬೇಡ ಅನ್ನಲು ಇನ್ನೊಂದು ಕಾರಣವಿದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು, ಅಕ್ಟೋಬರ್ 30ಕ್ಕೆ ಇಲ್ಲಿನವರಿಗೆ ಆಟವೇ ನಿಂತಿತು. ಅದರ ಭಾರತದ ಆವೃತ್ತಿ ಬಿಜಿಎಂಐ 2021ರ ಜುಲೈಯಲ್ಲಿ ಬಂದಾಗ ಹಳೆಯ ಸಾಮಾನು ತಂದುಕೊಳ್ಳಲು ಬಿಟ್ಟರು ಅನ್ನಿ. ಮತ್ತೆ 2022ರ ಜುಲೈ 28ರಂದು ಅದೂ ಸ್ಟೋರ್‌ಗಳಿಂದ ಮಾಯ, ತಿರುಗಿ ಬಂದದ್ದು 2023ರ ಮೇನಲ್ಲಿ. ಅದೇ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಅನ್ನುವ ಇನ್ನೊಂದು ಗೇಮ್ ಬ್ಯಾನ್. ಸ್ಕಿನ್ ನಮ್ಮದಲ್ಲ, ಗೇಮ್ ನಡೆಯುವಷ್ಟು ದಿನ ಹಾಕಿಕೊಳ್ಳಲು ಕೊಟ್ಟದ್ದು. ಅದಕ್ಕೆ ತಿಂಗಳ ಸಂಬಳದಲ್ಲಿ ಕಾಲು ಭಾಗ ಸುರಿಯುವುದು ನನಗಂತೂ ಸರಿ ಕಾಣಲ್ಲ.

ನಿಮ್ಮ ಗೆಳೆಯ ಪಿಯುಸಿ ಅಂತ ಹೇಳಿದ್ದೀರಿ, ಹಾಗಾದರೆ ಇದೂ ನೆನಪಿರಲಿ: ನೀವು ದೊಡ್ಡದು ಕೊಟ್ಟರೆ ಅವನೂ ತಿರುಗಿ ಕೊಡಲು ನೋಡುತ್ತಾನೆ, ಅವನ ಕೈಗೆ ಸಿಗುವುದು ಅಪ್ಪನ ಫೋನು, ಅಪ್ಪನ ಯುಪಿಐ. ಬಿಜಿಎಂಐ ಶುರುವಿನಲ್ಲೇ 18ರೊಳಗಿನವರಿಗೆ ದಿನಕ್ಕೆ 7,000 ರೂಪಾಯಿ ಮಿತಿ ಹಾಕಿತ್ತು. ಏಳು ಸಾವಿರ! ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ವಾರದ ದುಡಿಮೆಗಿಂತ ಹೆಚ್ಚು. ಆ ಮಿತಿಯನ್ನು ನೆಚ್ಚಿಕೊಳ್ಳಬೇಡಿ.

ನೀವು ಪ್ರಶ್ನೆ ಹಾಕುವಷ್ಟರಲ್ಲೇ ಅಡ್ವಾನ್ಸ್ ಕಳಿಸಿದ್ದರೆ, ಟಾಪ್-ಅಪ್ ಬೇಡ ಅಂತ ಮಾರುವವನಿಗೆ ಈಗಲೇ ಹೇಳಿ, ಗೆಳೆಯನ ಐಡಿ ನಂಬರ್ ಕೊಡಬೇಡಿ. ದುಡ್ಡು ವಾಪಸ್ ಕೊಡದಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಸಿಗುವುದು ಕಷ್ಟ. ಐಡಿ ನಂಬರ್ ಕೊಟ್ಟಾಗಿದ್ದರೆ ಗೆಳೆಯನಿಗೆ ಇವತ್ತೇ ವಿಷಯ ತಿಳಿಸಿ, ಬಿದ್ದದ್ದನ್ನು ಖರ್ಚು ಮಾಡದೆ ಹಾಗೇ ಬಿಡಲಿ. ಖರ್ಚಾಗದಿದ್ದರೆ ಹಿಂದಕ್ಕೆ ಎಳೆದಾಗ ಮೈನಸ್‌ಗೆ ಹೋಗುವುದಾದರೂ ತಪ್ಪುತ್ತದೆ. ಅವನೇ ಆರಿಸಿಕೊಳ್ಳಲಿ ಅಂತ ಗೂಗಲ್ ಪ್ಲೇ ಕೋಡ್ ಕಳಿಸುವುದಾದರೆ ಹೆಸರಿರುವ ಅಂಗಡಿ ಅಥವಾ ಆ್ಯಪಿನಿಂದಲೇ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಅವನ ಫೋನ್ ಯಾವುದು ಕೇಳಿ, ಐಫೋನ್ ಆದರೆ ಆ ಕೋಡ್ ದಂಡ.